ಬಣ್ಣ ಹೋಗಬೇಕು, ಲೋಹ ಉಳಿಯಬೇಕು

ಹಳೇ ಕಾರಿನ ಎಂಜಿನ್ ಬಿಚ್ಚಿಟ್ಟುಕೊಂಡು, ಅದರ ಮೇಲೆ ಸಿಪ್ಪೆಯೆದ್ದ ಬಣ್ಣವನ್ನು ತೆಗೆಯುವುದು ಹೇಗೆಂದು ಯಾರನ್ನಾದರೂ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು: ‘ರಾತ್ರಿ ಕಾಸ್ಟಿಕ್ ನೀರಲ್ಲಿ ಮುಳುಗಿಸಿಡಿ, ಬೆಳಗ್ಗೆ ತೆಗೀರಿ.’ ಸಲಹೆಯಲ್ಲಿ ಹುರುಳಿಲ್ಲದೆ ಇಲ್ಲ. ಎರಕದ ಕಬ್ಬಿಣದ ಸಿಲಿಂಡರ್ ಬ್ಲಾಕ್‌ಗೂ ಉಕ್ಕಿನ ತಗಡಿನ ಆಯಿಲ್ ಸಂಪ್‌ಗೂ ತಲೆಮಾರುಗಳಿಂದ ನಡೆದುಬಂದ ಉಪಾಯ ಅದು. ಹಳೆಯ ಎನಾಮೆಲ್ ಬಣ್ಣದಲ್ಲಿ ಎಣ್ಣೆಯ ಅಂಶವಿರುತ್ತದೆ. ಕಾಸ್ಟಿಕ್ ಸೋಡಾ ಅದರ ರಾಸಾಯನಿಕ ಬಂಧಗಳನ್ನು ಕಡಿದು ಒಂದು ಬಗೆಯ ಸೋಪನ್ನಾಗಿ ಮಾಡುತ್ತದೆ. ಬಣ್ಣ ಲೋಳೆಯಾಗಿ ಜಾರಿಹೋಗುತ್ತದೆ, ಕಬ್ಬಿಣಕ್ಕೆ ಕೂದಲೂ ಕೊಂಕುವುದಿಲ್ಲ.

ಅದೇ ತೊಟ್ಟಿಗೆ ಅಲ್ಯೂಮಿನಿಯಂನ ಟ್ಯಾಪೆಟ್ ಕವರ್ ಹಾಕಿದಿರೋ, ಬೆಳಗ್ಗೆ ಬಣ್ಣವೂ ಇರುವುದಿಲ್ಲ, ಕವರ್ ಕೂಡ ನೀವು ಹಾಕಿದ ಕವರ್ ಆಗಿರುವುದಿಲ್ಲ. ನೀರು ಕುದಿಯುವಂತೆ ಗುಳ್ಳೆ ಏಳುತ್ತದೆ, ತೊಟ್ಟಿ ಬಿಸಿಯಾಗುತ್ತದೆ, ಲೋಹ ಕಪ್ಪಾಗಿ ಹುಳ ತಿಂದಂತಾಗುತ್ತದೆ. ಗ್ಯಾಸ್ಕೆಟ್ ಕೂರುವ ಸಮತಟ್ಟು ಅಂಚು ಸವೆದಿರುತ್ತದೆ. ಬೋಲ್ಟ್ ತಿರುಗುವ ಮರೆಗಳು ಸಡಿಲಾಗಿರುತ್ತವೆ. ಏಳುವ ಗುಳ್ಳೆಗಳು ಹೈಡ್ರೊಜನ್ ಅನಿಲದವು. 27 ಗ್ರಾಂ ಅಲ್ಯೂಮಿನಿಯಂ ಹೀಗೆ ಪೂರ್ತಿ ಕರಗಿದರೆ 33 ಲೀಟರಿಗೂ ಹೆಚ್ಚು ಹೈಡ್ರೊಜನ್ ಹೊರಬೀಳುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುವ ಅನಿಲ ಅದು. ಕಟ್ಟಿಕೊಂಡ ಚರಂಡಿ ಬಿಡಿಸುವ ಕೆಲವು ಪುಡಿಗಳಲ್ಲಿ ಕಾಸ್ಟಿಕ್ ಜೊತೆಗೆ ಅಲ್ಯೂಮಿನಿಯಂ ಚೂರುಗಳನ್ನು ಬೇಕೆಂದೇ ಬೆರೆಸಿರುತ್ತಾರೆ. ನೀರು ಬಿದ್ದೊಡನೆ ಶಾಖವೂ ಅನಿಲದ ನೂಕೂ ಹುಟ್ಟಿ ಕೊಳಕು ಸಡಿಲಾಗಲಿ ಎಂಬ ಲೆಕ್ಕಾಚಾರ. ಗ್ಯಾರೇಜಿನ ತೊಟ್ಟಿಯಲ್ಲಿ ಆಗುವುದೂ ಅದೇ, ಅಲ್ಲಿ ಚೂರಿನ ಬದಲು ನಿಮ್ಮ ಎಂಜಿನ್ ಭಾಗ ಇರುತ್ತದೆ ಅಷ್ಟೆ.

ಹಾಗಾದರೆ ನೀರಿಗೂ ಗಾಳಿಗೂ ಜಗ್ಗದ ಅಲ್ಯೂಮಿನಿಯಂ ಕಾಸ್ಟಿಕ್‌ಗೆ ಯಾಕೆ ಇಷ್ಟು ಸುಲಭವಾಗಿ ಸೋಲುತ್ತದೆ?

ನಿಜ ಹೇಳಬೇಕೆಂದರೆ ಅಲ್ಯೂಮಿನಿಯಂ ಬಹಳ ಚುರುಕಿನ ಲೋಹ. ಕಬ್ಬಿಣಕ್ಕಿಂತ ಹೆಚ್ಚು ಆತುರದಿಂದ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಹೊಸದಾಗಿ ಕೆರೆದ ಅಲ್ಯೂಮಿನಿಯಂ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯೂಮಿನಿಯಂನ ಆಕ್ಸೈಡ್ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಬಾಗಿಲು ಮುಚ್ಚುತ್ತದೆ. ದಪ್ಪ ಎಷ್ಟು? ಎರಡರಿಂದ ಐದು ನ್ಯಾನೊಮೀಟರ್. ಅದರ ಮೇಲೆ ಬಳಿದ ಬಣ್ಣ 50ರಿಂದ 100 ಮೈಕ್ರಾನ್, ಅಂದರೆ ಪೊರೆಗಿಂತ ಕನಿಷ್ಠ ಹತ್ತು ಸಾವಿರ ಪಟ್ಟು ದಪ್ಪ. ಆದರೂ ಲೋಹವನ್ನು ಕಾಯುವ ಮುಖ್ಯ ಕಾವಲು ಆ ಪೊರೆಯದೇ. ಬಣ್ಣ ತೆಗೆಯಲು ಹೊರಟವರು ನೋಡಿಕೊಳ್ಳಬೇಕಾದದ್ದು ಕಣ್ಣಿಗೆ ಕಾಣುವ ದಪ್ಪ ಪದರವನ್ನಲ್ಲ, ಕಾಣದ ಈ ತೆಳು ಪದರವನ್ನು. ಮುಂದೆ ಹೇಳುವ ವಿಧಾನಗಳನ್ನೆಲ್ಲ ನಾನು ಅಳೆಯುವುದು ಇದೊಂದೇ ಕೋಲಿನಿಂದ.

ಬೆಲ್ಜಿಯಂನ ರಸಾಯನ ವಿಜ್ಞಾನಿ ಮಾರ್ಸೆಲ್ ಪೂರ್ಬೆ ಒಂದೊಂದು ಲೋಹಕ್ಕೂ ಒಂದೊಂದು ನಕ್ಷೆ ಬರೆದಿಟ್ಟರು. ಸುತ್ತಲಿನ ನೀರು ಎಷ್ಟು ಆಮ್ಲ ಅಥವಾ ಎಷ್ಟು ಕ್ಷಾರ ಆದಾಗ ಲೋಹ ಸುರಕ್ಷಿತ, ಯಾವಾಗ ಕರಗುತ್ತದೆ ಎಂದು ತೋರಿಸುವ ನಕ್ಷೆಗಳು ಅವು. ಅಲ್ಯೂಮಿನಿಯಂನ ಪೊರೆ ಗಟ್ಟಿಯಾಗಿ ನಿಲ್ಲುವುದು ಪಿಎಚ್ ಸುಮಾರು 4ರಿಂದ 8.5ರ ನಡುವೆ ಮಾತ್ರ. ಅದರಾಚೆ ಎರಡು ದಿಕ್ಕಿಗೂ ಕರಗುತ್ತದೆ. ನೀರಿಗೆ ನೂರಕ್ಕೆ ಒಂದು ಪಾಲು ಕಾಸ್ಟಿಕ್ ಬೆರೆಸಿದರೂ ಪಿಎಚ್ 13 ದಾಟುತ್ತದೆ. ಪಿಎಚ್ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು, 8.5 ಎಲ್ಲಿ, 13 ಎಲ್ಲಿ!

ಈ ‘ದೋಷ’ವೇ ಅಲ್ಯೂಮಿನಿಯಂ ಉದ್ಯಮದ ತಳಪಾಯ ಎಂಬುದು ತಮಾಷೆಯ ಸಂಗತಿ. ಕಾರ್ಲ್ ಜೋಸೆಫ್ ಬಾಯರ್ ಎಂಬ ಆಸ್ಟ್ರಿಯಾದ ರಸಾಯನ ವಿಜ್ಞಾನಿ 1888ರ ಹೊತ್ತಿಗೆ ಕಂಡುಕೊಂಡ ವಿಧಾನದಲ್ಲಿ ಬಾಕ್ಸೈಟ್ ಅದಿರನ್ನು ಒತ್ತಡದಲ್ಲಿ ಬಿಸಿ ಕಾಸ್ಟಿಕ್ ದ್ರಾವಣದೊಂದಿಗೆ ಬೇಯಿಸುತ್ತಾರೆ. ಅಲ್ಯೂಮಿನಿಯಂ ಆಕ್ಸೈಡ್ ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಕಬ್ಬಿಣದ ಆಕ್ಸೈಡ್ ಕರಗದೆ ಕೆಂಪು ರಾಡಿಯಾಗಿ ಉಳಿಯುತ್ತದೆ. ನಮ್ಮ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವುದು ಇದೇ ಬಾಯರ್ ವಿಧಾನದಿಂದ. ಕಬ್ಬಿಣವನ್ನು ಬಿಟ್ಟು ಅಲ್ಯೂಮಿನಿಯಂ ಆಕ್ಸೈಡನ್ನು ಮಾತ್ರ ಆರಿಸಿ ಕರಗಿಸುವ ಕಾಸ್ಟಿಕ್ಕಿನ ಗುಣ ಅಲ್ಲಿ ಬಂಡವಾಳ, ಗ್ಯಾರೇಜಿನಲ್ಲಿ ನಷ್ಟ.

ಅಡುಗೆಮನೆಯಲ್ಲೂ ಇದರ ಸಣ್ಣ ರೂಪ ನೋಡಬಹುದು. ಅಲ್ಯೂಮಿನಿಯಂನ ಇಡ್ಲಿ ಪಾತ್ರೆಯ ತಳ ಕೊಳವೆಬಾವಿಯ ನೀರಿಗೆ ಕಪ್ಪಾಗುವುದನ್ನು ಕಾಣದವರಿಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಕುದಿಯುವಾಗ ಒಡೆದು ನೀರು ಕ್ಷಾರದ ಕಡೆ ವಾಲುತ್ತದೆ. ಪೊರೆ ಕದಡಿ ಬಣ್ಣಗೆಡುತ್ತದೆ. ನೀರಿಗೆ ಹುಣಸೆಹಣ್ಣಿನ ಚೂರೋ ಹಿಂಡಿದ ನಿಂಬೆಯ ಸಿಪ್ಪೆಯೋ ಹಾಕುವವರು ಪಿಎಚ್ ಹೆಸರೆತ್ತದೆಯೇ ಅದನ್ನು ಕೆಳಗಿಳಿಸುತ್ತಿರುತ್ತಾರೆ.

ಎಂಜಿನ್ ಭಾಗಗಳಲ್ಲಿ ಇನ್ನೊಂದು ತೊಡಕಿದೆ. ಅವು ಶುದ್ಧ ಅಲ್ಯೂಮಿನಿಯಂ ಅಲ್ಲ. ನಮ್ಮ ದೇಶದ ಡೈಕಾಸ್ಟಿಂಗ್ ಘಟಕಗಳಲ್ಲಿ ಬಹುವಾಗಿ ಬಳಸುವ ಎಡಿಸಿ12 ಎಂಬ ಮಿಶ್ರಲೋಹದಲ್ಲಿ ನೂರಕ್ಕೆ 10ರಿಂದ 12 ಪಾಲು ಸಿಲಿಕಾನ್, ಜೊತೆಗೆ ಎರಡು ಮೂರು ಪಾಲು ತಾಮ್ರ ಇರುತ್ತದೆ. ಸಿಲಿಕಾನ್ ಬೆರೆತರೆ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಸರಾಗವಾಗಿ ಹರಿಯುತ್ತದೆ. ಕಾಸ್ಟಿಕ್ ತಾಗಿದಾಗ ಅಲ್ಯೂಮಿನಿಯಂ ಕರಗುತ್ತದೆ. ಸಿಲಿಕಾನ್ ಮತ್ತು ತಾಮ್ರದ ಕಣಗಳು ಮೇಲ್ಮೈಯಲ್ಲಿ ಕಪ್ಪು ಮಸಿಯಾಗಿ ಉಳಿಯುತ್ತವೆ. ಈ ಮಸಿ ಬ್ರಶ್ಶಿಗೆ ಪೂರ್ತಿ ಬಗ್ಗುವುದಿಲ್ಲ. ಕಾರ್ಖಾನೆಗಳಲ್ಲಿ ನೈಟ್ರಿಕ್ ಆಮ್ಲದ ಜೊತೆ ಫ್ಲೋರೈಡ್ ಲವಣ ಸೇರಿಸಿ ತೆಗೆಯುತ್ತಾರೆ. ಅದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಓವನ್ ಕ್ಲೀನರ್‌ಗಳೂ ಬಹುತೇಕ ಕಾಸ್ಟಿಕ್ಕೇ. ವಾಷಿಂಗ್ ಸೋಡಾ ಸೌಮ್ಯ ಎನಿಸಿದರೂ ಬಿಸಿನೀರಿನಲ್ಲಿ ಅಲ್ಯೂಮಿನಿಯಂ ಅನ್ನು ಮಂಕಾಗಿಸುತ್ತದೆ. ‘ಅಲ್ಯೂಮಿನಿಯಂಗೆ ಸುರಕ್ಷಿತ’ ಎಂದು ಮಾರುವ ಕ್ಷಾರೀಯ ಡಿಗ್ರೀಸರ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಕೇಟ್ ಬೆರೆಸಿರುತ್ತಾರೆ. ಅದು ಲೋಹದ ಮೇಲೆ ತೆಳುವಾಗಿ ಕೂತು ದಾಳಿಯನ್ನು ತಡೆಯುತ್ತದೆ. ಇಂಥವು ಎಣ್ಣೆ, ಗ್ರೀಸ್ ತೊಳೆಯಲು ಒಳ್ಳೆಯವು. ಬಣ್ಣದ ವಿಷಯದಲ್ಲಿ ಅಷ್ಟೇನೂ ಪ್ರಯೋಜನವಿಲ್ಲ.

ಕ್ಷಾರ ಬೇಡವಾದರೆ ಆಮ್ಲ ಆಗಬಹುದಲ್ಲ ಎಂದರೆ, ಮನೆಯಲ್ಲಿ ಸಿಗುವ ಆಮ್ಲ ಬಣ್ಣ ತೆಗೆಯುವುದೇ ಇಲ್ಲ. ಬಚ್ಚಲು ತೊಳೆಯುವ ಹೈಡ್ರೊಕ್ಲೋರಿಕ್ ಆಸಿಡ್ ಬಣ್ಣದ ಬಿರುಕಿನಲ್ಲಿ ಇಳಿದು ಲೋಹದಲ್ಲಿ ಗುಂಡಿ ಕೊರೆಯುತ್ತದೆ, ಬಣ್ಣ ಇದ್ದಲ್ಲೇ ಇರುತ್ತದೆ. ಅದರ ಕ್ಲೋರೈಡ್ ಅಯಾನುಗಳು ಆಕ್ಸೈಡ್ ಪೊರೆಯ ಹಳೇ ವೈರಿಗಳು. ಅಲಾಯ್ ಚಕ್ರಗಳನ್ನು ಬೆಳಗಿಸುವ ಕೆಲವು ದ್ರಾವಣಗಳಲ್ಲಿ ಹೈಡ್ರೊಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮದೊಳಗೆ ನೋವಿಲ್ಲದೆ ಇಳಿದು, ಗಂಟೆಗಳ ನಂತರ ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅದನ್ನು ಮುಟ್ಟುವ ಮಾತೇ ಬೇಡ.

ಇಷ್ಟಾದ ಮೇಲೆ ಬಣ್ಣದ ಕಡೆ ತಿರುಗೋಣ. ಬಣ್ಣ ಎಂದರೆ ಒಂದೇ ವಸ್ತುವಲ್ಲ. ಅದು ಒಣಗಿದ ರೀತಿ ಗೊತ್ತಾದರೆ ತೆಗೆಯುವ ರೀತಿಯೂ ಅರ್ಧ ಗೊತ್ತಾದಂತೆ. ಅಮೆರಿಕದ ಡುಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗಾಗಿ ತಂದ ‘ಡ್ಯೂಕೊ’ ನೈಟ್ರೊಸೆಲ್ಯುಲೋಸ್ ಬಣ್ಣ ಒಣಗುವುದು ದ್ರಾವಕ ಆವಿಯಾಗಿ ಹೋಗುವುದರಿಂದ ಮಾತ್ರ. ಉಳಿದ ಅಣುಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ಕೈ ಹಿಡಿದಿರುವುದಿಲ್ಲ. ದ್ರಾವಕ ಮತ್ತೆ ಸಿಕ್ಕರೆ ಮತ್ತೆ ಕರಗುತ್ತವೆ. ನಮ್ಮ ಪೇಂಟರುಗಳು ಎನ್‌ಸಿ ಪೇಂಟ್ ಎನ್ನುವುದು ಇದನ್ನೇ. ಅಂಗಡಿಯ ಎನ್‌ಸಿ ಥಿನ್ನರ್ ಅದ್ದಿದ ಹತ್ತಿಯಿಂದ ಉಜ್ಜಿದರೆ ಹತ್ತಿಗೆ ಬಣ್ಣ ಅಂಟುತ್ತದೆ. ಆದರೆ ಎನಾಮೆಲ್, ಎಪಾಕ್ಸಿ, ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರಿಥೇನ್, ಪೌಡರ್ ಕೋಟಿಂಗ್ ಎಲ್ಲವೂ ಒಣಗುವಾಗ ರಾಸಾಯನಿಕ ಕ್ರಿಯೆಯಿಂದ ಅಣು ಅಣುವಿಗೆ ಕೊಂಡಿ ಹಾಕಿಕೊಂಡು ಮೂರೂ ದಿಕ್ಕಿಗೆ ಬಲೆಯಾಗುತ್ತವೆ. ಈ ಬಲೆ ಯಾವ ದ್ರಾವಕದಲ್ಲೂ ಕರಗದು. ಥಿನ್ನರ್ ಅದ್ದಿದ ಹತ್ತಿ ಬಿಳಿಯಾಗಿಯೇ ಉಳಿದರೆ ನಿಮ್ಮ ಮುಂದಿರುವುದು ಬಲೆ ಎಂದು ತಿಳಿಯಿರಿ. ಲೀಟರುಗಟ್ಟಲೆ ಥಿನ್ನರ್ ಸುರಿಯಬೇಡಿ.

ಬಲೆಯನ್ನು ಕರಗಿಸಲಾಗದು, ಆದರೆ ಉಬ್ಬಿಸಬಹುದು. ಪೇಂಟ್ ರಿಮೂವರ್ ಡಬ್ಬಿಗಳ ಗುಟ್ಟು ಇದು. ಡೈಕ್ಲೋರೋಮೀಥೇನ್, ಅಂದರೆ ಮೆಥಿಲೀನ್ ಕ್ಲೋರೈಡ್, ಬಹಳ ಪುಟ್ಟ ಅಣು. ಅದು ಬಲೆಯ ಕಣ್ಣುಗಳೊಳಗೆ ನುಗ್ಗಿ ಜಾಗ ಮಾಡಿಕೊಳ್ಳುತ್ತದೆ. ಪದರಕ್ಕೆ ಹಿಗ್ಗುವ ಒತ್ತಡ, ಆದರೆ ಕೆಳಗೆ ಲೋಹಕ್ಕೆ ಅಂಟಿಕೊಂಡಿದ್ದರಿಂದ ಅಗಲಕ್ಕೆ ಹಿಗ್ಗುವ ಹಾಗಿಲ್ಲ. ಕೊನೆಗೆ ಅಂಟು ಹರಿದು ಬಾಣಲೆಗೆ ಬಿದ್ದ ಹಪ್ಪಳದಂತೆ ಸುಕ್ಕುಸುಕ್ಕಾಗಿ ಮೇಲೇಳುತ್ತದೆ. ನಿಮಿಷಗಳ ಕೆಲಸ. ಅಲ್ಯೂಮಿನಿಯಂನ ಪೊರೆಗೂ ಇದರಿಂದ ತೊಂದರೆಯಿಲ್ಲ, ಏಕೆಂದರೆ ಇಲ್ಲಿ ನೀರೂ ಇಲ್ಲ, ಪಿಎಚ್ ಪ್ರಶ್ನೆಯೂ ಇಲ್ಲ. ದಶಕಗಳ ಕಾಲ ವಿಮಾನಗಳ ಅಲ್ಯೂಮಿನಿಯಂ ಮೈಯಿಂದ ಬಣ್ಣ ತೆಗೆದದ್ದು ಫೀನಾಲ್ ಬೆರೆಸಿದ ಇದೇ ದ್ರಾವಕದಿಂದ. ಲೋಹವೊಂದೇ ಲೆಕ್ಕಕ್ಕಿದ್ದರೆ ಅಧ್ಯಾಯವನ್ನು ಇಲ್ಲಿಗೇ ಮುಗಿಸಬಹುದಿತ್ತು. ಕೆಲಸ ಮಾಡುವವನ ಮೈಯೂ ಲೆಕ್ಕಕ್ಕಿದೆ.

ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿಗೆ. ಬಿಸಿಲ ಬೇಗೆಯ ದಿನ ರಾಯಚೂರಿನಲ್ಲಿ ಡಬ್ಬಿ ತೆರೆದರೆ ಅದು ಬಹುಮಟ್ಟಿಗೆ ಕುದಿಯುವ ಅಂಚಿನಲ್ಲೇ ಇರುತ್ತದೆ. ಆವಿ ಗಾಳಿಗಿಂತ ಮೂರು ಪಟ್ಟು ಭಾರ, ನೆಲದ ಮಟ್ಟದಲ್ಲಿ ತುಂಬಿ ನಿಲ್ಲುತ್ತದೆ. ಹೆಚ್ಚು ಉಸಿರಾಡಿದರೆ ಮಂಪರು, ಪ್ರಜ್ಞೆ ತಪ್ಪುವುದು, ಸಾವು. ಇಷ್ಟು ಅಪಾಯ ಬೇರೆ ದ್ರಾವಕಗಳಲ್ಲೂ ಇದೆ ಎನ್ನಬಹುದು. ಇದರದು ಇನ್ನೂ ಒಂದು ಹೆಜ್ಜೆ ಮುಂದೆ. ಅಮೆರಿಕದ ವೈದ್ಯ ರಿಚರ್ಡ್ ಸ್ಟುವರ್ಟ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಸಂಗತಿ ಎಲ್ಲರನ್ನೂ ಬೆಚ್ಚಿಬೀಳಿಸಿತು: ದೇಹದೊಳಗೆ ಹೋದ ಡೈಕ್ಲೋರೋಮೀಥೇನ್ ಅಲ್ಲಿ ಒಡೆದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಉರಿಸಿದವರನ್ನು ಕೊಲ್ಲುವ ಅನಿಲವೇ ಅದು. ಹೊರಗಿನ ಗಾಳಿಯಲ್ಲಿ ಅದರ ಸುಳಿವಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಮಾತ್ರ ಅಂಟಿಕೊಂಡಿರುತ್ತದೆ. ಡಬ್ಬಿ ಮುಚ್ಚಿಟ್ಟು ಹೊರಗೆ ಬಂದ ಮೇಲೂ ದೇಹ ಅದನ್ನು ತಯಾರಿಸುತ್ತಲೇ ಇರುತ್ತದೆ. 1976ರಲ್ಲಿ ಅದೇ ಸ್ಟುವರ್ಟ್ ಇನ್ನೊಂದು ಪ್ರಕರಣ ವರದಿ ಮಾಡಿದರು. ಮನೆಯ ನೆಲಮಾಳಿಗೆಯಲ್ಲಿ ಪೀಠೋಪಕರಣದ ಬಣ್ಣ ತೆಗೆಯುತ್ತಿದ್ದ ನಿವೃತ್ತರೊಬ್ಬರಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡು ಮತ್ತೆ ಅದೇ ಕೆಲಸಕ್ಕೆ ಕೂತರು, ಮತ್ತೆ ಆಘಾತ. ಮೂರನೇ ಸಲ ಅವರು ಬದುಕಲಿಲ್ಲ. ರಿಮೂವರ್ ಮೇಲೆ ಮೊದಲಿಗೆ ಯಾರಿಗೂ ಅನುಮಾನ ಬಂದಿರಲಿಲ್ಲ.

2000ದಿಂದ 2011ರವರೆಗೆ ಅಮೆರಿಕದಲ್ಲಿ ಸ್ನಾನದ ತೊಟ್ಟಿಗಳ ಹಳೇ ಲೇಪ ತೆಗೆಯುತ್ತಿದ್ದ ಕನಿಷ್ಠ 13 ಕೆಲಸಗಾರರು ಇದೇ ದ್ರಾವಕದ ಆವಿಗೆ ಬಲಿಯಾದರು. ಐರೋಪ್ಯ ಒಕ್ಕೂಟ ಅಮೆರಿಕಕ್ಕಿಂತ ಮೊದಲೇ ಮನೆಬಳಕೆಯ ರಿಮೂವರ್‌ಗಳಲ್ಲಿ ಇದಕ್ಕೆ ಕಡಿವಾಣ ಹಾಕಿತ್ತು. ಅಮೆರಿಕ 2019ರಲ್ಲಿ ಗ್ರಾಹಕರಿಗೆ ಮಾರುವುದನ್ನು ನಿಲ್ಲಿಸಿತು, 2024ರಲ್ಲಿ ಕೈಗಾರಿಕೆಯ ಬಹುಪಾಲು ಬಳಕೆಯನ್ನೂ. ಸಾಮಾನ್ಯ ನೈಟ್ರೈಲ್ ಕೈಗವಸನ್ನು ಈ ದ್ರಾವಕ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕ್ ಕೂಡ ಬೇಗನೆ ತುಂಬಿ ಸೋಲುತ್ತದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಕೆಲಸಕ್ಕೆ ಕೂರುವವರನ್ನು ನೋಡಿದಾಗ ಇದೆಲ್ಲ ನೆನಪಾಗುತ್ತದೆ. ಇನ್ನೂ ಒಂದು ಮಾತು: ಅಲ್ಯೂಮಿನಿಯಂನ ಪಂಪ್, ಸ್ಪ್ರೇ ಗನ್‌ಗಳಲ್ಲಿ ಒತ್ತಡದಲ್ಲಿ ಇಂಥ ಕ್ಲೋರಿನ್‌ಯುಕ್ತ ದ್ರಾವಕ ತುಂಬಬೇಡಿ ಎಂದು ಅವುಗಳ ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ. ಬರಿ ಅಲ್ಯೂಮಿನಿಯಂಗೆ ಪೊರೆ ಕಟ್ಟಲು ಅವಕಾಶವಿಲ್ಲದಿದ್ದರೆ ಇಂಥ ದ್ರಾವಕದೊಂದಿಗೆ ಅದು ಸಿಡಿಯುವ ಮಟ್ಟಕ್ಕೆ ವರ್ತಿಸಬಲ್ಲದು.

ಬದಲಿಗೆ ಬಂದಿರುವುದು ಬೆಂಜೈಲ್ ಆಲ್ಕೊಹಾಲ್ ಆಧಾರದ ರಿಮೂವರ್‌ಗಳು. ಇದೂ ಮಾಡುವುದು ಉಬ್ಬಿಸುವ ಕೆಲಸವನ್ನೇ, ಆದರೆ ಅಣು ದೊಡ್ಡದು, ನಡಿಗೆ ನಿಧಾನ. ಕುದಿಯುವ ಬಿಂದು 205 ಡಿಗ್ರಿ ಆದ್ದರಿಂದ ಆವಿ ಕಡಿಮೆ. ವಿಮಾನಗಳ ಬಣ್ಣ ತೆಗೆಯುವಲ್ಲೂ ಈಗ ಇದರ ಬಳಕೆ ವಿಪುಲ. ಜೆಲ್ಲಿಯಂತಿರುವ ಇದನ್ನು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿಯಿಡೀ ಬಿಡಬೇಕು. ಹಾಳೆ ಸುತ್ತದೆ ಬಿಟ್ಟರೆ ಮೇಲ್ಪದರ ಒಣಗಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಎರಡನೇ ಸಲ ಹಚ್ಚಬೇಕು. ಕಾಯುವ ತಾಳ್ಮೆ ಇಲ್ಲದ್ದೇ ಜನ ಇದನ್ನು ಬೈಯಲು ಮುಖ್ಯ ಕಾರಣ ಎಂದು ನನ್ನ ಗುಮಾನಿ. ಇದೂ ಕಣ್ಣು, ಚರ್ಮಕ್ಕೆ ಉರಿ ತರಿಸುವಂಥದ್ದೇ; ಕೈಗವಸು, ಕನ್ನಡಕ ಬೇಕೇ ಬೇಕು.

ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಇನ್ನೊಂದು ನಿಧಾನದ ದಾರಿ ಬ್ರೇಕ್ ಆಯಿಲ್. ಬಾನೆಟ್ ಮೇಲೆ ಒಂದು ಹನಿ ಬಿದ್ದರೆ ಬಣ್ಣ ಉಬ್ಬುವುದನ್ನು ಅವರು ದಿನಾ ನೋಡುತ್ತಾರೆ. ಹೆಸರಿನಲ್ಲಿ ಆಯಿಲ್ ಇದ್ದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಈಥರ್‌ಗಳ ಮಿಶ್ರಣ. ಅಲ್ಯೂಮಿನಿಯಂ ಸಿಲಿಂಡರ್‌ಗಳ ಒಳಗೆ ವರ್ಷಗಟ್ಟಲೆ ಇರಲೆಂದೇ ತಯಾರಾದದ್ದರಿಂದ ಲೋಹದ ಸವೆತ ತಡೆಯುವ ವಸ್ತುಗಳೂ ಅದರಲ್ಲಿರುತ್ತವೆ. ಸಣ್ಣ ಭಾಗವೊಂದನ್ನು ಮುಚ್ಚಳದ ಡಬ್ಬಿಯಲ್ಲಿ ದಿನಗಟ್ಟಲೆ ಮುಳುಗಿಸಿಟ್ಟರೆ ಹಳೇ ಎನಾಮೆಲ್ ಮೆತ್ತಗಾಗುತ್ತದೆ. ಎಪಾಕ್ಸಿ, ಪೌಡರ್ ಕೋಟಿಂಗ್ ಮುಂದೆ ಅದರ ಆಟ ಹೆಚ್ಚು ನಡೆಯದು.

ಶಾಖದ ಬಗ್ಗೆ ಬಹಳ ಹೇಳುವುದಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹೀಟ್ ಗನ್ 500 ದಾಟುತ್ತದೆ ಅಷ್ಟೆ, ಹಾಗಾಗಿ ಭಯವಿಲ್ಲ ಎನ್ನುವವರಿದ್ದಾರೆ. ಆದರೆ ಸಿಲಿಂಡರ್ ಹೆಡ್‌ನಂಥ ಭಾಗಗಳ ಗಟ್ಟಿತನ ಬಂದಿರುವುದು ಎರಕದ ನಂತರ 150ರಿಂದ 200 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ಮಿಶ್ರಲೋಹದೊಳಗೆ ಅತಿ ಸೂಕ್ಷ್ಮ ಕಣಗಳನ್ನು ಬೆಳೆಸಿದ್ದರಿಂದ. ಅದಕ್ಕಿಂತ ಹೆಚ್ಚು ಬಿಸಿಯಲ್ಲಿ ಹೊತ್ತು ಕಳೆದರೆ ಆ ಕಣಗಳು ದಪ್ಪವಾಗಿ ಲೋಹ ಮೆತ್ತಗಾಗುತ್ತದೆ. ಕರಗುವುದಕ್ಕೆ ಬಹಳ ಮೊದಲೇ ಕೆಟ್ಟಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಬಣ್ಣವನ್ನು ಸುಟ್ಟು ತೆಗೆಯುವ ಭಟ್ಟಿಗೆ ಅಲ್ಯೂಮಿನಿಯಂ ಭಾಗವನ್ನು ಕೊಡಬಾರದು ಎನ್ನುವುದು ಇದಕ್ಕೇ.

ಇನ್ನು ಉಜ್ಜಿ, ಸಿಡಿಸಿ ತೆಗೆಯುವ ಕಡೆ ಬರೋಣ. ಇಲ್ಲಿ ಗಟ್ಟಿತನದ ಲೆಕ್ಕ ಮುಖ್ಯ. ಮೋಸ್ ಮಾಪನದಲ್ಲಿ ಅಲ್ಯೂಮಿನಿಯಂ ಮೂರಕ್ಕಿಂತ ಕೆಳಗೆ, ಅಡುಗೆ ಸೋಡಾ ಎರಡೂವರೆ, ಗಾಜಿನ ಮಣಿ ಐದೂವರೆ ಆರು, ಮರಳು ಏಳು, ಎಮರಿಯಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಒಂಬತ್ತು. ಲೋಹಕ್ಕಿಂತ ಮೆತ್ತಗಿನ ಕಣ ಬಡಿದರೆ ಬಣ್ಣ ಮುರಿಯುತ್ತದೆ, ಲೋಹ ಉಳಿಯುತ್ತದೆ. ಈ ತತ್ವಕ್ಕೆ ಜಗತ್ತು ಬಲ್ಲ ಉದಾಹರಣೆ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ. 1986ರ ಶತಮಾನೋತ್ಸವಕ್ಕಾಗಿ ಅದನ್ನು ದುರಸ್ತಿ ಮಾಡುವಾಗ ತಾಮ್ರದ ತಗಡಿನ ಒಳಮೈಗೆ ಹಲವು ಪದರ ಬಣ್ಣವೂ ಅದರಡಿಯಲ್ಲಿ ಡಾಂಬರೂ ಮೆತ್ತಿಕೊಂಡಿದ್ದವು. ತಗಡಿನ ದಪ್ಪ ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಮರಳು ಹೊಡೆದರೆ ಸವೆದುಹೋಗುತ್ತಿತ್ತು. ಬಣ್ಣದ ಮೇಲೆ ದ್ರವರೂಪದ ನೈಟ್ರೊಜನ್ ಸಿಂಪಡಿಸಿದರು. ಮೈನಸ್ 196 ಡಿಗ್ರಿಯ ಚಳಿಗೆ ಬಣ್ಣ ಲೋಹಕ್ಕಿಂತ ಹೆಚ್ಚು ಕುಗ್ಗಿ ಬಿರಿದು ಉದುರಿತು. ಚಳಿಗೆ ಬಗ್ಗದ ಡಾಂಬರಿಗೆ ಅಡುಗೆ ಸೋಡಾ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದರು. ಅದೂ ನಿರಪಾಯವಾಗಿರಲಿಲ್ಲ: ಸಂದುಗಳಿಂದ ಹೊರಕ್ಕೆ ಸೋರಿದ ಸೋಡಾ ಪ್ರತಿಮೆಯ ಹಸಿರು ಕಿಲುಬಿನ ಬಣ್ಣವನ್ನು ಅಲ್ಲಲ್ಲಿ ಕೆಡಿಸಿತು. ಸೋಡಾ ಬ್ಲಾಸ್ಟಿಂಗ್ ಮಾಡಿಸಿದವರು ಭಾಗವನ್ನು ಚೆನ್ನಾಗಿ ನೀರಿನಿಂದ ತೊಳೆಯಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ತೊಳೆಯದೆ ಬಿಟ್ಟ ಸೋಡಾ ಹೊಸ ಬಣ್ಣವನ್ನೂ ಅಂಟಲು ಬಿಡುವುದಿಲ್ಲ.

1980ರ ದಶಕದಲ್ಲೇ ಅಮೆರಿಕದ ಯೂಟಾ ರಾಜ್ಯದ ಹಿಲ್ ವಾಯುನೆಲೆಯಲ್ಲಿ ಎಫ್-4 ಯುದ್ಧವಿಮಾನಗಳ ಮೇಲೆ ಪ್ಲಾಸ್ಟಿಕ್ ಹರಳುಗಳನ್ನು ಹೊಡೆದು ಬಣ್ಣ ತೆಗೆಯುವ ವಿಧಾನ ರೂಪುಗೊಂಡಿತು. ಮೆಥಿಲೀನ್ ಕ್ಲೋರೈಡಿನ ಹೊಳೆ ಹರಿಸುವುದನ್ನು ತಪ್ಪಿಸುವುದು ಅದರ ಉದ್ದೇಶಗಳಲ್ಲೊಂದು. ಅಕ್ರೋಟ್ ಚಿಪ್ಪಿನ ಪುಡಿ, ಗೋಧಿ ಪಿಷ್ಟದ ಹರಳುಗಳೂ ಇದೇ ಜಾತಿ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಗಾಜಿನ ಮಣಿಯ ಬ್ಲಾಸ್ಟಿಂಗ್. ಅಲ್ಯೂಮಿನಿಯಂಗೆ ಅದು ಕೊಡುವ ರೇಷ್ಮೆಯಂಥ ಬೆಳ್ಳಿ ಮೆರುಗು ನೋಡಿ ಮರುಳಾಗದವರು ಕಡಿಮೆ. ಸಮಸ್ಯೆ ಲೋಹದ್ದಲ್ಲ, ಮಣಿಯದು. ಟ್ಯಾಪೆಟ್ ಕವರ್‌ಗಳ ಒಳಗೆ ಆಯಿಲ್ ಸಿಡಿಯದಂತೆ ರಿವೆಟ್ ಹೊಡೆದು ಕೂರಿಸಿದ ತಗಡು ಇರುತ್ತದೆ, ಅದರ ಹಿಂದೆ ಮುಚ್ಚಿದ ಪೊಳ್ಳು. ಸಿಲಿಂಡರ್ ಹೆಡ್, ಕ್ರ್ಯಾಂಕ್‌ಕೇಸ್‌ಗಳಲ್ಲಿ ಆಯಿಲ್ ಹರಿಯುವ ಸಣ್ಣ ಸುರಂಗಗಳು. ನೂರು ಮೈಕ್ರಾನಿನ ಮಣಿ ಅಲ್ಲಿ ಅವಿತುಕೊಂಡರೆ ತೊಳೆದರೂ ಹೊರಬರುವುದಿಲ್ಲ. ಎಂಜಿನ್ ಬಿಸಿಯಾಗಿ ಆಯಿಲ್ ಹರಿದಾಗ ಹೊರಡುತ್ತದೆ, ನೇರ ಬೇರಿಂಗ್‌ಗೆ. ಕ್ರ್ಯಾಂಕ್ ಬೇರಿಂಗಿನ ಸಂದು 25ರಿಂದ 50 ಮೈಕ್ರಾನ್. ಮುಂದಿನದನ್ನು ಊಹಿಸಬಹುದು. ಗ್ಯಾಸ್ಕೆಟ್ ಮುಖ ಉಜ್ಜುವ ಎಮರಿ ನಾರಿನ ತಿರುಗು ಬಿಲ್ಲೆಗಳ ಬಗ್ಗೆ ಜನರಲ್ ಮೋಟರ್ಸ್ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಇದೇ ಕಾರಣಕ್ಕೆ ಎಚ್ಚರಿಕೆ ಕೊಟ್ಟಿದೆ: ಬಿಲ್ಲೆಯಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡ್ ಆಯಿಲಿಗೆ ಸೇರಿ ಬೇರಿಂಗುಗಳನ್ನು ತಿಂದುಹಾಕುತ್ತದೆ. ಉಕ್ಕಿನ ತಂತಿ ಬ್ರಶ್ಶೂ ಬೇಡ. ಅದರ ತುಣುಕು ಅಲ್ಯೂಮಿನಿಯಂನಲ್ಲಿ ನಾಟಿಕೊಂಡು ತುಕ್ಕು ಹಿಡಿಯುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಅನ್ನೂ ಸವೆಸುತ್ತದೆ. ನೈಲಾನ್ ಬ್ರಶ್, ಪ್ಲಾಸ್ಟಿಕ್ ಅಥವಾ ಮರದ ಕೆರೆಯುವ ಪಟ್ಟಿ ಸಾಕು. ಮರಳಿನಿಂದ ಬ್ಲಾಸ್ಟಿಂಗ್ ಮಾಡುವವರ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಬ್ರಿಟನ್ 1949ರ ನಿಯಮದಲ್ಲೇ ಎರಕದ ಭಾಗಗಳಿಗೆ ಮರಳು ಹೊಡೆಯುವುದನ್ನು ನಿಷೇಧಿಸಿದೆ.

ಉಪ್ಪುಕಾಗದದಿಂದ ಒಣಗಾಗಿ ಉಜ್ಜುವುದನ್ನು ನಾನು ಪಟ್ಟಿಯ ಕೊನೆಗೂ ಸೇರಿಸುವುದಿಲ್ಲ. ಹಳೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರಬಹುದು; ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲಲೆಂದು ಬಳಿಯುತ್ತಿದ್ದ ಹಸಿರು ಹಳದಿ ಪ್ರೈಮರ್ ಜಿಂಕ್ ಕ್ರೋಮೇಟ್‌ನದು. ಸೀಸ ಮೆದುಳಿಗೆ ವಿಷ, ಮಕ್ಕಳಿಗಂತೂ ಬಹಳ. ಕ್ರೋಮೇಟ್‌ಗಳಲ್ಲಿರುವ ಬಗೆಯ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ. ಭಾರತದಲ್ಲಿ ಬಣ್ಣದೊಳಗಿನ ಸೀಸವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಇಳಿಸುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದೂ ಮನೆಗೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣಗಳಿಗೆ. ಹಳೇ ಎಂಜಿನ್‌ನ ಬಣ್ಣವನ್ನು ಆ ನಿಯಮ ಮುಟ್ಟುವುದಿಲ್ಲ. ರಿಮೂವರ್ ಹಚ್ಚಿ ಹಸಿಯಾಗಿ ಕೆರೆದರೆ ದೂಳೇ ಏಳುವುದಿಲ್ಲ. ದ್ರಾವಕದ ಪರವಾಗಿ ನಾನು ವಾಲುವುದಕ್ಕೆ ಇದು ಮುಖ್ಯ ಕಾರಣ.

ಕೆಲಸಕ್ಕೆ ಕೈ ಹಾಕುವ ಮೊದಲು ಲೋಹ ಯಾವುದೆಂದು ತಿಳಿದುಕೊಳ್ಳಿ. ಅಯಸ್ಕಾಂತ ಅಂಟಿದರೆ ಅದು ಉಕ್ಕು ಇಲ್ಲವೇ ಎರಕದ ಕಬ್ಬಿಣ. ಅಲ್ಯೂಮಿನಿಯಂನ ಚಿಂತೆಯೇ ಬೇಡ. ಅಂಟದಿದ್ದರೂ ಅಲ್ಯೂಮಿನಿಯಂ ಎಂದು ಖಚಿತವಿಲ್ಲ, ಮೆಗ್ನೀಸಿಯಂ ಇರಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಇದರ ಸ್ವಭಾವ ಪೂರ್ತಿ ತಿರುಗುಮುರುಗು: ಕಾಸ್ಟಿಕ್‌ಗೆ ಜಗ್ಗುವುದಿಲ್ಲ, ಆಮ್ಲ ತಾಗಿದರೆ ನೊರೆಯುಕ್ಕುತ್ತದೆ. ಒಳಭಾಗದಲ್ಲಿ ಕಾಣದ ಕಡೆ ಬಣ್ಣವಿಲ್ಲದ ಲೋಹವನ್ನು ಚೂರು ಕೆರೆದು ಒಂದು ಹನಿ ವಿನೆಗರ್ ಬಿಡಿ. ತಕ್ಷಣ ಗುಳ್ಳೆ ಬಂದರೆ ಮೆಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಮೆಗ್ನೀಸಿಯಂ ಅನ್ನು ಗ್ರೈಂಡರ್‌ಗೆ ಹಿಡಿಯಬಾರದು. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಹೆಚ್ಚು ಉರಿಯುತ್ತದೆ.

ನನ್ನ ಕ್ರಮ ಹೀಗೆ. ಮೊದಲು ಗ್ರೀಸ್, ಆಯಿಲ್ ತೊಳೆಯಬೇಕು, ಇಲ್ಲವಾದರೆ ರಿಮೂವರ್ ಬಣ್ಣವನ್ನು ಮುಟ್ಟುವುದೇ ಇಲ್ಲ. ಥಿನ್ನರ್ ಹತ್ತಿಯ ಪರೀಕ್ಷೆಯಲ್ಲಿ ಬಣ್ಣ ಕರಗಿದರೆ ಅಲ್ಲಿಗೇ ಮುಗಿಯಿತು. ಆದರೆ ಥಿನ್ನರ್ ಬೆಂಕಿಗೆ ಹತ್ತಿಕೊಳ್ಳುವಂಥದ್ದು, ಬಯಲಲ್ಲೇ ಕೂತು ಉಜ್ಜಿ. ಕರಗದಿದ್ದರೆ ಬೆಂಜೈಲ್ ಆಲ್ಕೊಹಾಲ್ ರಿಮೂವರ್, ಪ್ಲಾಸ್ಟಿಕ್ ಹಾಳೆ, ಒಂದು ರಾತ್ರಿ. ಬೆಳಗ್ಗೆ ನೈಲಾನ್ ಬ್ರಶ್. ಮೂಲೆಯಲ್ಲಿ ಉಳಿದದ್ದಕ್ಕೆ ಇನ್ನೊಂದು ಸಲ ಅದೇ. ಆಮೇಲೂ ಬಿಡದಿದ್ದರೆ, ಮುಚ್ಚಿದ ಪೊಳ್ಳುಗಳಿಲ್ಲದ ಭಾಗವಾದರೆ ಮಾತ್ರ, ಸೋಡಾ ಅಥವಾ ಪ್ಲಾಸ್ಟಿಕ್ ಹರಳಿನ ಬ್ಲಾಸ್ಟಿಂಗ್. ಒಳಗಿನ ತಗಡನ್ನು ರಿವೆಟ್ ಕೊರೆದು ತೆಗೆಯಲು ಆಗುವುದಾದರೆ ಅದನ್ನೂ ತೆಗೆಸಿ. ತೊಳೆದು ಪೂರ್ತಿ ಒಣಗಿಸಿದ ದಿನವೇ ಅಲ್ಯೂಮಿನಿಯಂಗೆಂದೇ ಇರುವ ಎಚ್ (etch) ಪ್ರೈಮರ್ ಹೊಡೆದುಬಿಡಬೇಕು. ಬಿಟ್ಟಷ್ಟೂ ಪೊರೆ ತೇವ ಹೀರಿ, ಕೊಳೆ ಕೂತು ಬಣ್ಣದ ಹಿಡಿತ ಕಡಿಮೆಯಾಗುತ್ತದೆ.

ಮತ್ತೆ ಬಣ್ಣ ಬೇಕೇ ಎಂದು ಕೇಳುವವರಿಗೆ: ಬರಿ ಅಲ್ಯೂಮಿನಿಯಂ ಶಾಖವನ್ನು ಬಹಳ ಜಿಪುಣತನದಿಂದ ಹೊರಸೂಸುತ್ತದೆ. ನಯಗೊಳಿಸಿದ ಮೇಲ್ಮೈ ಸೂಸುವುದು, ಶಾಖವನ್ನು ಪೂರ್ತಿಯಾಗಿ ಹೊರಸೂಸುವ ಆದರ್ಶ ವಸ್ತುವಿನ ನೂರಕ್ಕೆ ಐದರಷ್ಟು. ಬಣ್ಣ ಬಳಿದದ್ದು, ಬಹುತೇಕ ಯಾವ ಬಣ್ಣವೇ ಆಗಿರಲಿ, ತೊಂಬತ್ತರ ಆಸುಪಾಸು. ಗಾಳಿಯಿಂದ ತಣಿಯುವ ಮೋಟಾರ್‌ಸೈಕಲ್ ಎಂಜಿನ್‌ಗಳಿಗೆ ತೆಳುವಾದ ಕಪ್ಪು ಬಣ್ಣ ಒಪ್ಪುವುದಕ್ಕೆ ಇದೂ ಒಂದು ಕಾರಣ. ನೀರಿನಿಂದ ತಣಿಯುವ ಕಾರಿನ ಎಂಜಿನ್‌ಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಲ್ಲಿ ಬಣ್ಣ ಬೇಕೋ ಬೇಡವೋ ಎಂಬುದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಮಾತ್ರ ಬಣ್ಣ ತಾಗದಿರಲಿ.

ಕೆರೆದು ತೆಗೆದ ಲೋಳೆಯನ್ನು ಚರಂಡಿಗೆ ತೊಳೆದುಬಿಡಬೇಡಿ. ಅದರಲ್ಲಿ ಸೀಸ ಇರಬಹುದು. ಹಳೇ ಪೇಪರಿನ ಮೇಲೆ, ಮಕ್ಕಳು ದನಕರು ಸುಳಿಯದ ಕಡೆ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಕಟ್ಟಿ, ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಕೊಡಿ. ರಿಮೂವರ್ ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಮೆಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದ್ದರೆ ಹಾಗೇ ಇಟ್ಟು ಬನ್ನಿ. ಒಳಗೇನಿದೆ ಎಂದೇ ಬರೆಯದ ಡಬ್ಬಿಯನ್ನಂತೂ, ಅಂಗಡಿಯವರು ಎಷ್ಟೇ ಹೊಗಳಲಿ, ಕೊಳ್ಳಲೇಬೇಡಿ.